ಹಲ್ಲು ಮೇಷ್ಟ್ರ ಸ್ವಂತ ಪ್ಲೇಟು

ನನ್ನ ಗಂಡ ಹಲ್ಲಿನ ಸೆಟ್ಟು ಮಾಡುವವರು. ಬೀದಿಗೆಲ್ಲ ಹಲ್ಲು ಮೇಷ್ಟ್ರು. ಮೂವತ್ತು ವರ್ಷ ಅವರು ಒಳಗೆ ಕೂತು ಸೆಟ್ಟು ಉಜ್ಜಿದರು, ನಾನು ಕಿಟಕಿಯಲ್ಲಿ ಕೂತು ಗಿರಾಕಿಗಳಿಂದ ಬೈಸಿಕೊಂಡೆ. ಯಾರಾದರೂ "ನೋಯುತ್ತಮ್ಮ" ಎಂದು ವಾಪಸ್ ತಂದರೆ ಒಳಗಿಂದ ಒಂದೇ ಉತ್ತರ: "ಅಭ್ಯಾಸ ಆಗುತ್ತೆ ಅನ್ನು!" ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಪೋಸ್ಟ್‌ಮ್ಯಾನ್ ಒಬ್ಬರು ಸಿಟ್ಟಿನಿಂದ ಸೆಟ್ಟನ್ನು ಕಿಟಕಿಯಲ್ಲೇ ಬಿಟ್ಟು ಹೋದರು. ಅದು ಇನ್ನೂ ಕಪಾಟಿನಲ್ಲಿದೆ.

ಈ ವರ್ಷ ಅವರದೇ ಮೇಲ್ದವಡೆಯಲ್ಲಿ ಗಡ್ಡೆ ಬಂತು. ಆಪರೇಷನ್‌ನಲ್ಲಿ ಎಡಗಡೆಯ ಅಂಗುಳವನ್ನು ಹಲ್ಲುಗಳ ಸಮೇತ ತೆಗೆದರು. ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇಲ್ಲದಂತಾಯಿತು. ಕುಡಿದ ನೀರು ಮೂಗಿನಿಂದ ಬರುತ್ತಿತ್ತು, ಆಡಿದ ಮಾತು ನನಗೊಬ್ಬಳಿಗೇ ಅರ್ಥವಾಗುತ್ತಿತ್ತು. ಆ ತೂತು ಮುಚ್ಚುವ ಪ್ಲೇಟನ್ನು, ಆಸ್ಪತ್ರೆಯ ಡಾಕ್ಟರಮ್ಮ ಅಳತೆ ತೆಗೆದುಕೊಟ್ಟ ಮೇಲೆ, ತಾವೇ ಮಾಡಿಕೊಂಡರು. ಬೇರೆಯವರ ಕೆಲಸ ಇವರಿಗೆ ಹಿಡಿಸಬೇಕಲ್ಲ! ಡಾಕ್ಟರಮ್ಮ ಒಂದು ಮಾತು ಹೇಳಿದ್ದರು: "ತೆಗೆದಿಟ್ರೆ ಒಳಗಿನ ಮಾಂಸ ಬಿಗಿದುಕೊಳ್ಳುತ್ತೆ. ಆಮೇಲೆ ಪ್ಲೇಟು ಹೋಗಲ್ಲ."

ಬುಧವಾರ ಬೆಳಗ್ಗೆ ಹಿಟ್ಟಿನ ಡಬ್ಬದ ಹಿಂದೆ ನೀರು ತುಂಬಿದ ಬಟ್ಟಲು ಸಿಕ್ಕಿತು, ಒಳಗೆ ಪ್ಲೇಟು. ಎರಡು ದಿನದಿಂದ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು, ಹಸಿವಿಲ್ಲವೆಂದು ಕೈಸನ್ನೆ ಮಾಡುತ್ತಿದ್ದದ್ದು ಇದಕ್ಕೇ.

"ಹಾಕ್ಕೊಳ್ಳಿ, ಈಗಲೇ" ಎಂದೆ. ಒತ್ತಿದರು. ಅರ್ಧಕ್ಕೇ ನಿಂತಿತು. ಕಣ್ಣಲ್ಲಿ ನೀರು ಬಂದರೂ ನೋವು ಅನ್ನಲಿಲ್ಲ.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಇನ್ನು ಅದು ಹೋಗದೇ ಇದ್ದರೆ? ಪ್ಲೇಟು ಬರುವ ಮುಂಚಿನ ಹಾಗೆ ಮತ್ತೆ ಗೋಡೆಗೆ ಮುಖ ಮಾಡಿ ಒಬ್ಬರೇ ಊಟಕ್ಕೆ ಕೂರುವುದೇ? ಅವರ ಜೇಬಿನಲ್ಲಿದ್ದ ಡಬ್ಬಿಯನ್ನು ನಾನು ನಾಲ್ಕು ಸಲ ಮುಟ್ಟಿ ನೋಡಿದೆ.

"ಎಲ್ಲಿ ನೋಯುತ್ತೆ?" ಡಾಕ್ಟರಮ್ಮ ಕೇಳಿದರು. ಇವರು ತಲೆಯಾಡಿಸಿದರು, ಎಲ್ಲೂ ಇಲ್ಲವೆಂದು.

"ಹಾಗಾದ್ರೆ ಬಿಡಿ ಡಾಕ್ಟ್ರೇ, ಅಭ್ಯಾಸ ಆಗುತ್ತೆ" ಎಂದೆ. ಸಿಟ್ಟಿನಿಂದಲೇ ಅಂದದ್ದು.

ಇವರು ನನ್ನನ್ನೇ ನೋಡಿದರು. ಆಮೇಲೆ ಪ್ಲೇಟಿನ ಹಿಂದಿನ ಅಂಚಿನ ಮೇಲೆ ಬೆರಳಿಟ್ಟರು.

ಡಾಕ್ಟರಮ್ಮ ಅಲ್ಲಿ ಉಜ್ಜಿದರು, ಹಾಕಿ ನೋಡಿದರು, ಮತ್ತೆ ಉಜ್ಜಿದರು. ಐದನೆಯ ಸಲ ಅದು ಮೇಲೇರಿ ಕೂತಿತು. "ತಲೆ ಬಗ್ಗಿಸಿ ನೀರು ಕುಡೀರಿ" ಎಂದರು. ನಾನು ಇವರ ಮೂಗನ್ನೇ ನೋಡುತ್ತಿದ್ದೆ. ಒಂದು ಹನಿಯೂ ಬರಲಿಲ್ಲ.

ಲೋಟ ಕೆಳಗಿಟ್ಟು, ಇವರು ಎರಡು ದಿನದಲ್ಲಿ ಮೊದಲ ಮಾತು ಆಡಿದರು. ಸ್ಪಷ್ಟವಾಗಿ ಕೇಳಿಸಿತು.

"ಆ ಪೋಸ್ಟ್‌ಮ್ಯಾನ್ ಮನೆ ಗೊತ್ತಾ ನಿನಗೆ?"