ಮೂರ್ತಪ್ಪ ಹಾಕಿದ ಬಾಟ್ಲಿ

ಗೊಲ್ಲರಹಟ್ಟಿಯ ಗುಡಿಸಲಲ್ಲಿ ಜುಂಜಯ್ಯ ಗೋಡೆಗೊರಗಿ ಕೂತು ಬಾಯಲ್ಲಿ ಉಸಿರೆಳೆಯುತ್ತಿದ್ದ. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ಹಳ್ಳಿ ಸುತ್ತಲು ಬಂದಿದ್ದ ನರ್ಸ್ ಚಂದ್ರಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಎಪ್ಪತ್ತೈದನೇ ಇಸವಿ. ಎರಡು ತಿಂಗಳ ಹಿಂದೆ ಈ ಕುರಿಗಾಹಿ ಮುದುಕ ಇದೇ ಸ್ಥಿತಿಯಲ್ಲಿ ಅವಳ ಆಸ್ಪತ್ರೆಗೆ ಗಾಡಿಯಲ್ಲಿ ಬಂದಿದ್ದ. ಹೃದಯ ಸೋತು ಮೈಗೆ ನೀರು ತುಂಬಿದೆ ಎಂದು ಡಾಕ್ಟರು ನೀರಿಳಿಸುವ ಮಾತ್ರೆ ಬರೆದು, ಉಪ್ಪು ಬಿಡಿಸಿದ್ದರು. ಹದಿನೈದೇ ದಿನಕ್ಕೆ ಕುರಿ ಹಿಂದೆ ನಡೆದಿದ್ದ.

"ಏನ್ ಮಾಡಿದ್ರಮ್ಮ ಇವರಿಗೆ?"

"ಸುಸ್ತು ಅಂದ್ರು ನರ್ಸಮ್ಮ," ಹೆಂಡತಿ ಕಾಟಮ್ಮ ಅಂದಳು. "ಮೂರ್ತಪ್ಪನ ತಾವ ಎರಡು ಬಾಟ್ಲಿ ಹಾಕಿಸ್ಕಂಡು ಬಂದ್ವಿ."

ಮೂರ್ತಪ್ಪ ಹೆದ್ದಾರಿ ಪಕ್ಕದ ಸೂಜಿ ಡಾಕ್ಟರು. ಓದಿದ್ದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ತುಂಬಿ ತುಳುಕುವ ಮೈಗೆ ನರದ ಮೂಲಕ ಮತ್ತೆ ಎರಡು ಬಾಟ್ಲಿ ಉಪ್ಪುನೀರು! ಚಂದ್ರಕ್ಕ ಲಾರಿಯೊಂದನ್ನು ಅಡ್ಡಗಟ್ಟಿ ಮುದುಕನನ್ನು ಆಸ್ಪತ್ರೆಗೆ ಸಾಗಿಸಿದಳು. ಇಂಜೆಕ್ಷನ್ ಬಿದ್ದು, ಸಂಜೆಗೆ ಅವನ ಉಸಿರು ಹದಕ್ಕೆ ಬಂತು.

ಮರುದಿನ ಬೆಳಿಗ್ಗೆಯೇ ಮೂರ್ತಪ್ಪನ ಬಾಗಿಲಲ್ಲಿ ನಿಂತಳು. "ಯಾವ ಕಾಯಿಲೆ ಅಂತ ಕೇಳಿದ್ಯಾ? ಕಾಲು ನೋಡಿದ್ಯಾ? ಕುತ್ತಿಗೆ ಹಿಸುಕಿದ್ರೂ ಅಷ್ಟೇ, ನೀನು ಮಾಡಿದ್ದೂ ಅಷ್ಟೇ!"

"ಜನ ಕೇಳ್ತಾರೆ, ಹಾಕ್ತೀನಿ ಸಿಸ್ಟರ್," ಎಂದು ಅವನು ಹಲ್ಲುಕಿರಿದ.

ಆ ನಗು ಅವಳನ್ನು ಆಸ್ಪತ್ರೆಯವರೆಗೂ ಕುದಿಸಿತು. ಮುದುಕ ಮಾತ್ರೆ ನಿಲ್ಲಿಸಿದ್ದನೆಂದು ತಿಳಿದು ಕಾಟಮ್ಮನ ಮೇಲೂ ಹರಿಹಾಯ್ದಳು: "ಮಾತ್ರೆ ಯಾಕ್ರಿ ಬಿಟ್ರಿ?"

"ಊತ ಇಳೀತಲ್ಲವ್ವ. ದಿನಾ ನುಂಗ್ಬೇಕು ಅಂತ ಯಾರು ಹೇಳಿದ್ರು ನಮಗೆ?"

ಹೇಳಬೇಕಾದವರು ಡಾಕ್ಟರು, ಇಲ್ಲವೇ ತಾನು ಎಂದು ಚಂದ್ರಕ್ಕನಿಗೆ ಹೊಳೆಯಿತು. ನೇರ ಡಾಕ್ಟರ ಕೋಣೆಗೆ ನುಗ್ಗಿದಳು. "ಸರ್, ಚೀಟಿ ಓದೋಕೆ ಬರದವರಿಗೆ ಚೀಟಿ ಬರೆದು ಕಳಿಸಿದ್ವಿ. ನಮಗೂ ಮೂರ್ತಪ್ಪನಿಗೂ ಏನು ವ್ಯತ್ಯಾಸ?" ಡಾಕ್ಟರು ಕೆಂಪಗಾದರು; ಕಾಟಮ್ಮನನ್ನು ಕರೆಸಿ, ಮಾತ್ರೆ ದಿನಾ ನುಂಗಬೇಕು, ಮೈಗೆ ನೀರು ತುಂಬಿದರೆ ತೂಕ ಏರುತ್ತದೆ, ವಾರಕ್ಕೊಮ್ಮೆ ತೂಗಿ ನೋಡಬೇಕು ಎಂದು ಬಾಯಲ್ಲೇ ಹೇಳಿದರು.

ಅಂದಿನಿಂದ ಕಾಟಮ್ಮ ಪ್ರತಿ ಸೋಮವಾರ ಗಂಡನನ್ನು ಶೇಂಗಾ ಮಂಡಿಯ ತಕ್ಕಡಿ ಮೇಲೆ ನಿಲ್ಲಿಸಿದಳು. ಎರಡು ಕೇಜಿ ಏರಿದರೆ ಕಾಯದೆ ಆಸ್ಪತ್ರೆಗೆ. ಉಪ್ಪಿನಕಾಯಿ ಜಾಡಿ ಸೊಸೆಯ ಮನೆ ಸೇರಿತು. "ಸಪ್ಪೆ ಸಾರು ಉಣ್ಣಾದೂ ಒಂದ್ ಬದುಕಾ!" ಎಂದು ಜುಂಜಯ್ಯ ದಿನಾ ಜಗಳವಾಡಿದ, ಜಗಳವಾಡುತ್ತಲೇ ಇನ್ನೂ ನಾಲ್ಕು ವರ್ಷ ಕುರಿ ಕಾಯ್ದ.

ಮೂರ್ತಪ್ಪನ ಅಂಗಡಿ ಮುಚ್ಚಲಿಲ್ಲ. ಚಂದ್ರಕ್ಕ ಮೂರು ಸಲ ಮೇಲಿನವರಿಗೆ ದೂರು ಬರೆದಳು, ಯಾರೂ ಬರಲಿಲ್ಲ. ವರ್ಗವಾಗಿ ಹೊಳಲ್ಕೆರೆಗೆ ಹೊರಟ ದಿನ ನಾಲ್ಕನೆಯದನ್ನು ಅಂಚೆಗೆ ಹಾಕಿ ಬಸ್ಸು ಹತ್ತಿದಳು.