ಇಲಿ ಕಾಯಿಲೆಯೂ ಶಿವಗಂಗಮ್ಮನವರ ಹೆಪ್ಪೂ

ಜಾವಗಲ್ಲಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಶಿವಗಂಗಮ್ಮನವರ ಮನೆಯಿಂದಲೇ ಹೆಪ್ಪು ಬರಬೇಕಿತ್ತು. ನಲವತ್ತು ವರ್ಷದ ಹಿಂದೆ, ಮದುವೆಯಾಗಿ ಬರುವಾಗ, ತವರಿನಿಂದ ಕುಡಿಕೆಯಲ್ಲಿ ತಂದ ಹೆಪ್ಪು ಅದು. ಕೇಳಿದವರಿಗೆಲ್ಲ ಒಂದು ಚಮಚ ಕೊಡುತ್ತಿದ್ದರು, ಜೊತೆಗೆ ನಾಲ್ಕು ಬೈಗುಳ. ದೀಪ ಹಚ್ಚಿದ ಮೇಲೆ ಮಾತ್ರ ಯಾರಿಗೂ ಇಲ್ಲ. ಒಮ್ಮೆ ನನ್ನನ್ನೂ ಬಾಗಿಲಿಂದಲೇ ವಾಪಸ್ ಕಳಿಸಿದ್ದರು. ಆ ಸಿಟ್ಟು ನನಗಿನ್ನೂ ಇತ್ತು.

ಯುಗಾದಿ ರಜೆಗೆ ಅವರ ಮೊಮ್ಮಗಳು ಅಕ್ಷತಾ ಮೈಸೂರಿನಿಂದ ಬಂದಳು. ಅಲ್ಲಿ ಲ್ಯಾಬಿನಲ್ಲಿ ಏನು ಕೆಲಸವೆಂದು ಜಗಲಿಯಲ್ಲಿ ಕೂತಿದ್ದ ನಾವು ಕೇಳಿದೆವು.

"ಇಲಿಗಳಿಗೆ ವೈರಸ್ಸಿಂದ ಬ್ಲಡ್ ಕ್ಯಾನ್ಸರ್ ಹೇಗೆ ಬರುತ್ತೆ ಅಂತ ನೋಡ್ತೀವಿ," ಎಂದಳು.

ಮರುದಿನದಿಂದ ಹೆಪ್ಪು ಕೇಳಲು ಒಬ್ಬರೂ ಹೋಗಲಿಲ್ಲ. ಇಲಿ ಮುಟ್ಟಿದ ಕೈ ಮೊಸರನ್ನೂ ಮುಟ್ಟಿರುತ್ತದಲ್ಲ! ಸುಳ್ಳು ಯಾಕೆ, ನಾನೂ ಹೋಗಲಿಲ್ಲ. ಮನೆಯಲ್ಲಿದ್ದ ಮೊಸರನ್ನೇ ಒಂದಿಷ್ಟು ಉಳಿಸಿ ಹೆಪ್ಪು ಹಾಕಿಕೊಂಡೆ.

ಮೂರನೇ ದಿನ ಶಿವಗಂಗಮ್ಮನವರಿಗೆ ಸಿಟ್ಟು ನೆತ್ತಿಗೇರಿತು. "ಯಾರ್ಗೂ ಬ್ಯಾಡ್ವಾ? ಎಮ್ಮೆನಾದ್ರೂ ಕುಡೀಲಿ!" ಎಂದು ಮೊಸರನ್ನೆಲ್ಲ ಕಲಗಚ್ಚಿಗೆ ಸುರಿದರು. ಸಂಜೆ ಹಾಲು ಕಾಯಿಸಿ ಆರಿಸಿದ ಮೇಲೆ ನೆನಪಾಯಿತು, ಹೆಪ್ಪಿಗೆಂದು ಒಂದು ಚಮಚವೂ ಉಳಿಸಿರಲಿಲ್ಲ.

ನಾನು ದೀಪ ಹಚ್ಚಿ ತಿರುಗಿದರೆ ಬಾಗಿಲಲ್ಲಿ ಅವರೇ, ಕೈಯಲ್ಲಿ ಬಟ್ಟಲು, ಹಿಂದೆ ಅಕ್ಷತಾ.

"ಜಾನಕಿ, ನಮ್ಮವ್ವನ ಹೆಪ್ಪು ಹೊಂಟೋಯ್ತು ಕಣೇ." ಕಣ್ಣು ತುಂಬಿತ್ತು.

"ದೀಪ ಹಚ್ಚಾಯ್ತಲ್ಲ ಶಿವಗಂಗಕ್ಕ," ಎಂದೆ, ಬೇಕಂತಲೇ. ಆಮೇಲೆ ನನಗೇ ಪಾಪ ಅನ್ನಿಸಿ ಅಕ್ಷತಾಳತ್ತ ತಿರುಗಿದೆ. "ನಿನ್ನ ಇಲಿ ಕಾಯ್ಲೆ ನಮ್ಗೆ ಅಂಟಾಕಿಲ್ವೇನೇ?"

"ಇಲ್ಲ ಅತ್ತೆ, ಅದು ಇಲಿಗಳ ವೈರಸ್ಸು. ತನ್ನ ಜೀನನ್ನ ತಗೊಂಡು ಹೋಗಿ ಇಲಿಯ ರಕ್ತಕಣದ ಜೀನುಗಳ ಮಧ್ಯೆ ಸೇರಿಸಿಬಿಡುತ್ತೆ. ಆಮೇಲೆ ಕೆಲವು ಕಣ ಒಂದು ಎರಡಾಗಿ, ಎರಡು ನಾಲ್ಕಾಗಿ, ನಿಲ್ಲೋದೇ ಇಲ್ಲ. ಕೆಲವು ತಳಿಗಳಲ್ಲಿ ಆ ಜೀನು ತಾಯಿಯಿಂದ ಮರಿಗೆ ಹುಟ್ಟುತ್ತಲೇ ಬಂದಿರುತ್ತೆ."

"ಅಂಗಾರೆ ಹೆಪ್ಪಿದ್ದಂಗೆ," ಎಂದರು ಶಿವಗಂಗಮ್ಮ. "ಒಂದು ಚಮಚ ಸೇರುದ್ರೆ ಗಡಿಗೆ ಪೂರ್ತಿ ಅದ್ರದ್ದೇ. ಅವ್ವಂದು ಮಗಳ ಮನೆಗೂ ಬತ್ತೈತೆ..."

ಅಷ್ಟಕ್ಕೇ ಮಾತು ನಿಲ್ಲಿಸಿ ನನ್ನ ಗಡಿಗೆಯನ್ನು ನೋಡಿದರು. "ಜಾನಕಿ, ಅದ್ರಾಗೆ ಇರೋದು ಯಾರ ಹೆಪ್ಪೇ?"

ಹೋದ ತಿಂಗಳು ಅವರೇ ಕೊಟ್ಟದ್ದು. ಮೂರು ದಿನದಿಂದ ಯಾರ ಹೆಪ್ಪಿಗೆ ಹೆದರಿದ್ದೆನೋ ಅದನ್ನೇ ಅನ್ನಕ್ಕೆ ಕಲಸಿ ಉಣ್ಣುತ್ತಿದ್ದೆ. ನಾಚಿಕೆಯಾಯಿತು. ದೀಪ ಉರಿಯುತ್ತಿರುವಾಗಲೇ ಬಟ್ಟಲು ತುಂಬಿಸಿ ಕೊಟ್ಟೆ.

ಅವರು ಬೆರಳಿಗೆ ಒಂದಿಷ್ಟು ಹಚ್ಚಿಕೊಂಡು ನೆಕ್ಕಿ, "ನಮ್ಮವ್ವಂದೇ," ಎಂದರು. ಹೊರಡುವ ಮುಂಚೆ ನನಗೆ ನಾಲ್ಕು ಬೈದರು.