ಸ್ವೀಡನ್ನಿಗೆ ಹೋದ ಕೌದಿ

ಅವಳ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಗಟ್ಟಿಯಾಗಿ ಕೂತಿತ್ತು. ನನ್ನ ಬಾಡಿಗೆ ಕೋಣೆಯ ಹೊಸ್ತಿಲ ಮೇಲೆ ಕೂತು ಚೂಪು ಕಲ್ಲಿನಿಂದ ಅದನ್ನು ಕೆರೆಯುತ್ತ ಮಾತಾಡುವಳು, ಆ ಕಾಲು ಬೇರೆ ಯಾರದೋ ಎನ್ನುವ ಹಾಗೆ. ಶಹಾಪುರದ ಕಡೆ ಕಾಲುವೆ ಬರುತ್ತಿದ್ದ ಕಾಲ ಅದು. ಗೋಗಿಯ ಶಾಲೆಗೆ ನಾನು ಹೊಸದಾಗಿ ಟೀಚರಾಗಿ ಬಂದಿದ್ದೆ. ಅವಳು ಕಾಲುವೆಗೆ ಕಾಂಕ್ರೀಟು ಹಾಕುವ ಗ್ಯಾಂಗಿನಲ್ಲಿ ಬುಟ್ಟಿ ಹೊರುತ್ತಿದ್ದಳು. ಊರಿಗೆಲ್ಲ ಅವಳು ಗ್ಯಾಂಗಿನಾಕಿ. ನನಗೂ ಹಾಗೇ ಕರೆದು ರೂಢಿಯಾಯಿತು.

"ಅಕ್ಕೋರ, ಸ್ವೀಡನ್ ಅಂತ ಒಂದು ದೇಶ ಅದಂತಲ್ರಿ. ಅದು ಎಲ್ಲಿ ಬರ್ತದ್ರಿ?" ಎಂದು ಒಂದು ಸಂಜೆ ಕೇಳಿದಳು. ನಾನು ನಕ್ಕುಬಿಟ್ಟೆ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ನೋಡಿದ್ದನ್ನೇ ದೊಡ್ಡ ಸುದ್ದಿಯಾಗಿ ಹೇಳುವವಳಿಗೆ ಸ್ವೀಡನ್ ಯಾತಕ್ಕೆ?

"ನನ್ನ ಮಗಳು ಅಲ್ಲಿ ಅದಾಳ್ರಿ," ಅಂದಳು.

ಗಂಡ ತೀರಿದ ಮೇಲೆ ಕಾಲುವೆ ಕೆಲಸಕ್ಕೆ ಬಂದವಳು. ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದಾಟ, ಬಗಲಲ್ಲಿ ನಾಲ್ಕು ವರ್ಷದ ಕೂಸು. ಗ್ಯಾಂಗಿನ ಮುಕಾದಮ ದೂರದ ಊರಿನ ಒಂದು ಆಶ್ರಮ ತೋರಿಸಿದ. ಹೊಟ್ಟೆ ತುಂಬ ಹಾಕುತ್ತಾರೆ, ಅಕ್ಷರ ಕಲಿಸುತ್ತಾರೆ ಎಂದ. ನಮ್ಮ ಕಡೆ ಮಕ್ಕಳನ್ನು ಹಾಸ್ಟೆಲಿಗೆ ಬಿಡುವಾಗ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು, ಸೂಟಿ ಬಿದ್ದಾಗ ಕರೆದುಕೊಂಡು ಬರುವುದು ಎಲ್ಲರೂ ಮಾಡುವುದೇ. ಇದೂ ಹಾಸ್ಟೆಲೇ ಎಂದುಕೊಂಡು ಅವಳೂ ಒತ್ತಿದಳು. ಬೇಸಿಗೆ ಸೂಟಿಗೆ ಹೊಸ ಲಂಗ ಹಿಡಿದು ಹೋದರೆ, "ನಿನ್ನ ಕೂಸನ್ನ ಸ್ವೀಡನ್ ದೇಶದವರಿಗೆ ದತ್ತು ಕೊಟ್ಟಾಯ್ತು, ನೀನೇ ಬರೆದುಕೊಟ್ಟೀಯಲ್ಲ" ಅಂದರಂತೆ. ಆ ಮುಕಾದಮನನ್ನು ನಾನು ನೋಡಿಲ್ಲ. ನೋಡಿದ್ದರೆ ಕಪಾಳಕ್ಕೆ ಎರಡು ಬಿಗಿಯದೆ ಬಿಡುತ್ತಿರಲಿಲ್ಲ.

ಅವಳಿಗೆ ನನ್ನಷ್ಟು ಸಿಟ್ಟಿರಲಿಲ್ಲ. "ಅಲ್ಲಿ ಛಲೋನ ಇರ್ತಾಳ್ರಿ. ಆದ್ರ ಅವ್ವ ನನ್ನ ಬಿಟ್ಟು ಓಡಿ ಹೋದ್ಲು ಅಂತ ತಿಳ್ಕೊಂಡಿರ್ತಾಳಲ್ರಿ? ನಾ ಬಿಟ್ಟಿಲ್ಲ ಅಂತ ಅಕಿಗಿ ಗೊತ್ತಾದ್ರ ಸಾಕು. ಮತ್ತೇನೂ ಬ್ಯಾಡ."

ನಮ್ಮ ಭೂಗೋಳದ ಪುಸ್ತಕದಲ್ಲಿ ಆ ದೇಶಕ್ಕೆ ಮೂರೇ ಸಾಲು. ಸುರಪುರದ ಗ್ರಂಥಾಲಯದಿಂದ ಒಂದು ಹರಕು ಜ್ಞಾನಕೋಶ ಹೊತ್ತು ತಂದೆ. ಅವಳಿಗೆ ಓದಿ ಹೇಳುತ್ತ ನಾನೂ ಕಲಿತೆ. ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಕತ್ತಲೆ. ಕೆರೆ ಹೆಪ್ಪುಗಟ್ಟಿ ಮಂದಿ ಅದರ ಮೇಲೆ ನಡೆಯುತ್ತಾರೆ. ಕೆಂಪು ಬಣ್ಣ ಬಳಿದ ಕಟ್ಟಿಗೆಯ ಮನೆಗಳು. ಬೂಟು ಬಾಗಿಲಲ್ಲೇ ಕಳಚಿ ಒಳಗೆ ಹೋಗುತ್ತಾರೆ. "ಹಂಗಾದ್ರ ರೀತಿ ರಿವಾಜು ಇದ್ದ ಮಂದಿ," ಎಂದು ತಲೆದೂಗಿದಳು. ಹಿಟ್ಟನ್ನು ತೆಳ್ಳಗೆ ಮಾಡಿ ಸುಟ್ಟು, ನಡುವೆ ತೂತು ಬಿಟ್ಟು, ಕೋಲಿಗೆ ಪೋಣಿಸಿ ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದರು ಎಂದು ಓದಿದಾಗ ತೊಡೆ ತಟ್ಟಿಕೊಂಡು ನಕ್ಕಳು. "ಯವ್ವಾ! ನಮ್ಮ ಖಡಕ್ ರೊಟ್ಟಿರಿ ಅದು! ನನ್ನ ಕೂಸು ಉಪಾಸ ಇರಂಗಿಲ್ಲ ಬಿಡ್ರಿ." ಅವಳು ನಕ್ಕದ್ದನ್ನು ನಾನು ಕಂಡದ್ದು ಆವತ್ತು ಮಾತ್ರ.

ಉಳಿದದ್ದು ಥಂಡಿಯ ಚಿಂತೆ. ಮಗಳಿಗೆ ಹೊದೆಯಲೆಂದು, ಇದ್ದ ಎರಡು ಹಳೆ ಸೀರೆ ಹರಿದು ಕೌದಿ ಹೊಲಿಯಲು ಕೂತಳು. ದಿನವೆಲ್ಲ ಬುಟ್ಟಿ ಹೊತ್ತು ಬಂದು ರಾತ್ರಿ ಸೂಜಿ ಹಿಡಿಯುವಳು. ಅತ್ತೂ ಕರೆದೂ ಆಶ್ರಮದವರನ್ನು ಒಪ್ಪಿಸಿದ್ದಳು: ವಸ್ತು ಕೊಟ್ಟರೆ ಕಳಿಸುತ್ತೇವೆ, ಪತ್ರ ಗಿತ್ರ ನಡೆಯದು ಎಂದಿದ್ದರು.

ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ತುಂಡು ರೊಟ್ಟಿ ಇಟ್ಟು ಹೊಲಿಯುವುದು ನಮ್ಮ ಹೆಣ್ಣುಮಕ್ಕಳ ಪದ್ಧತಿ. ಕೌದಿ ಹಸಿದಿರಬಾರದಂತೆ. ಆ ದಿನ ಅವಳು ಮೂಲೆ ಹೊಲಿಯದೆ ಹಾಗೇ ಹಿಡಿದುಕೊಂಡು ಬಂದಳು. "ಅಕ್ಕೋರ, ರೊಟ್ಟಿ ಜೋಡಿ ಒಂದು ಚೀಟಿ ಬರ್ದು ಇಡ್ರಿ. ಇಂಗ್ಲಿಷ್‌ನಾಗ. ಎರಡ ಮಾತು."

ನನಗೆ ಹೆದರಿಕೆಯಾಯಿತು. ಇನ್ನೂ ಕಾಯಂ ಆಗದ ನೌಕರಿ. ದತ್ತು, ಕೋರ್ಟು, ನನ್ನ ಕೈಬರಹ ಎಲ್ಲ ಕಣ್ಣ ಮುಂದೆ ಬಂತು. "ಬ್ಯಾಡವ್ವಾ, ಸಿಕ್ಕಿಬಿದ್ರ ಕೌದಿನೂ ಮುಟ್ಟಂಗಿಲ್ಲ" ಎಂದೆ. ಅವಳ ಸಲುವಾಗಿ ಹೇಳಿದ ಹಾಗೆ ಹೇಳಿದೆ. ಅವಳು ವಾದ ಮಾಡಲಿಲ್ಲ. "ಓದಿದವ್ರು ನೀವು, ನಿಮಗ ತಿಳೀತದ," ಎಂದು ರೊಟ್ಟಿಯನ್ನಷ್ಟೇ ಇಟ್ಟು ಹೊಲಿದಳು.

ಎಷ್ಟೋ ತಿಂಗಳ ಮೇಲೆ ಆಶ್ರಮದಿಂದ ಲಕೋಟೆ ಬಂತು. ಮಗುವನ್ನು ದತ್ತು ಪಡೆದ ಸ್ವೀಡನ್ನಿನ ಹೆಂಗಸು ಆಶ್ರಮಕ್ಕೆ ಇಂಗ್ಲಿಷಿನಲ್ಲಿ ಬರೆದ ಕಾಗದದ ನಕಲು. ಇನ್ನು ಏನೂ ಕಳಿಸಬೇಡ ಎಂದು ಕೆಳಗೆ ಆಶ್ರಮದವರ ಒಂದು ಸಾಲು. "ಇದ್ದದ್ದು ಇದ್ದಂಗ ಓದ್ರಿ," ಎಂದಳು. ಓದಿದೆ. ಆ ಹೆಂಗಸು ಬರೆದದ್ದು ಇಷ್ಟು: ಮಗು ಆರಾಮಾಗಿದೆ, ಶಾಲೆಗೆ ಹೋಗುತ್ತಿದೆ. ಕೌದಿಯ ಮೂಲೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಹೆತ್ತವಳ ಸುದ್ದಿ ಏನಾದರೂ ಇದ್ದೀತೆಂದು ಹೊಲಿಗೆ ಬಿಚ್ಚಿ ನೋಡಿದೆ. ಬೂಸಲು ಬಂದ, ಹುಳ ಹತ್ತಿದ ರೊಟ್ಟಿಯ ಚೂರು ಇತ್ತು. ಹುಳ ಬಟ್ಟೆಗೂ ಹಬ್ಬಿತ್ತು. ಕ್ಷಮಿಸಿ, ಕೌದಿಯನ್ನು ಸುಡಬೇಕಾಯಿತು.

ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ನನಗೇ ಸಮಾಧಾನ ಹೇಳುವವಳ ಹಾಗೆ, "ಸುಟ್ರ ಸುಡ್ಲಿ ಬಿಡ್ರಿ ಅಕ್ಕೋರ. ಆ ಥಂಡ್ಯಾಗ ಅಷ್ಟೊತ್ತರ ಮನಿ ಬೆಚ್ಚಗ ಆಗಿರ್ತದ," ಅಂದಳು.

ಮರುವರ್ಷ ವನದುರ್ಗದ ಹತ್ತಿರದ ಕ್ಯಾಂಪಿನಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಆಗ ನನಗೆ ಧೈರ್ಯ ಬಂತು, ಸುಡುಗಾಡು ಧೈರ್ಯ! ಆ ಮನೆಯವರ ವಿಳಾಸ ಕೊಡಿ ಎಂದು ಆಶ್ರಮಕ್ಕೆ ಮೇಲಿಂದ ಮೇಲೆ ಬರೆದೆ. ಉತ್ತರವಿಲ್ಲ. ಕೊನೆಯ ಪತ್ರ, ಆಶ್ರಮ ಮುಚ್ಚಿದೆ ಎಂದು ವಾಪಸು ಬಂತು.

ನಾನು ನಿವೃತ್ತಳಾದ ದಿನ ಊರಿನವರು ಶಾಲು ಹೊದಿಸಿದರು. ನೂರಾರು ಮಕ್ಕಳ ಕೈ ಹಿಡಿದು ಬರೆಯಿಸಿದ ತಾಯಿ ಎಂದು ಒಬ್ಬರು ಭಾಷಣ ಮಾಡಿದರು. ತಲೆ ಎತ್ತಲಾಗಲಿಲ್ಲ ನನಗೆ. ಅಷ್ಟು ದೂರದ ಹೆಂಗಸು, ಗುರುತಿಲ್ಲ ಪರಿಚಯವಿಲ್ಲ, ಹೆತ್ತವಳ ಸುದ್ದಿಗಾಗಿ ಆ ಮೂಲೆ ಬಿಚ್ಚಿ ಹುಡುಕಿದ್ದಳು. ಎರಡು ಮಾತು ಬರೆದಿಟ್ಟಿದ್ದರೆ ಅವತ್ತೇ ಅವಳ ಕೈಗೆ ಸಿಗುತ್ತಿದ್ದವು. ನಾನು ಬರೆಯಲಿಲ್ಲ.